ನುಚ್ಚಿನ ಹದ, ಗಿರಣಿಯ ಅವಸರ

"ಅಣ್ಣಾರ, ಇದು ನುಚ್ಚಿಗ್ರಿ. ಕಲ್ಲು ಸಡಲ ಬಿಡ್ರಿ." ಸವಣೂರು, ಶಿಗ್ಗಾವಿ, ಹಾನಗಲ್ಲ, ಹಿರೇಕೆರೂರು ಕಡೆಯ ಗಿರಣಿಗಳಲ್ಲಿ ಇದು ಹೊಸ ಮಾತಲ್ಲ. ಗಿರಣಿಯವರು ಹಿಡಿಕೆಯನ್ನು ತುಸು ತಿರುಗಿಸಿ ಜೋಳ ಸುರಿಯುತ್ತಾರೆ. ಮಾತು ಮುಗಿಯುವಷ್ಟರಲ್ಲಿ ಡಬ್ಬಿ ತುಂಬಿರುತ್ತದೆ. ಮನೆಗೆ ಬಂದು ಸಾಣಿಗೆ ಹಿಡಿದಾಗ ಹಿಟ್ಟು, ರವೆ, ನುಚ್ಚು, ಒಡೆಯದ ಇಡೀ ಕಾಳು ಎಲ್ಲವೂ ಒಂದೇ ಡಬ್ಬಿಯಿಂದ ಹೊರಬೀಳುತ್ತವೆ. ಇದನ್ನು ನುಚ್ಚು ಎಂದು ಕರೆಯಲು ನನಗೆ ಮನಸ್ಸಿಲ್ಲ.

ನುಚ್ಚೆಂದರೆ ದಪ್ಪ ಹಿಟ್ಟಲ್ಲ. ಜೋಳಕ್ಕೆ ನೀರು ಚಿಮುಕಿಸಿ, ಕುಟ್ಟಿ, ಹೊಟ್ಟು ಕೇರಿ, ಒಂದೊಂದು ಕಾಳು ಮೂರು ನಾಲ್ಕು ತುಂಡಾಗುವಂತೆ ಒಡೆದದ್ದು ನುಚ್ಚು. ತುಂಡುಗಳು ಒಂದೇ ಅಳತೆಯವಾಗಿದ್ದರೆ ಒಟ್ಟಿಗೆ ಅರಳುತ್ತವೆ. ಹಿಟ್ಟು ಬೆರೆತಿದ್ದರೆ ಅದು ಮೊದಲೇ ನೀರು ಹೀರಿ ಗಂಜಿಯಾಗಿ ಪಾತ್ರೆಯ ತಳ ಹಿಡಿಯುತ್ತದೆ. ದಪ್ಪ ತುಂಡಿನ ನಡುವೆ ಬಿಳಿ ಚುಕ್ಕೆಯಂತೆ ಹಸಿ ಉಳಿಯುತ್ತದೆ. ಮಜ್ಜಿಗೆ ಹಾಕಿ ಕಲಸಿದರೂ ಆ ಹಸಿ ಹಲ್ಲಿಗೆ ಸಿಕ್ಕೇ ಸಿಗುತ್ತದೆ. ಹಾಗಾಗಿ ಒಡೆತ ಎಷ್ಟು ದಪ್ಪ ಎಂಬುದಕ್ಕಿಂತ ಎಷ್ಟು ಸಮ ಎಂಬುದೇ ನನಗೆ ಮುಖ್ಯ.

ಬೀಸುಕಲ್ಲು ಈ ಸಮತೆಯನ್ನು ಕೈಯಿಂದಲೇ ಸಾಧಿಸುತ್ತಿತ್ತು. ಬಾಯಿಗೆ ಹಿಡಿ ಹಿಡಿ ಜೋಳ ಹಾಕಿದರೆ ಮೇಲಿನ ಕಲ್ಲು ಎದ್ದು ತುಂಡು ದಪ್ಪವಾಗುತ್ತಿತ್ತು. ಕಡಿಮೆ ಹಾಕಿದರೆ ನುಣುಪಾಗುತ್ತಿತ್ತು. ಬೀಸುವವಳ ಕೈಗೆ ಆ ಭಾರ ತಿಳಿಯುತ್ತಿತ್ತು. ಆ ದುಡಿಮೆಯನ್ನು ಮರಳಿ ಬಯಸುವ ಹಕ್ಕು ನನಗಿಲ್ಲ. ನಸುಕಿನಲ್ಲೆದ್ದು ಬೀಸಿದ ಹೆಂಗಸರ ರಟ್ಟೆಗೆ ಬಿಡುವು ಕೊಟ್ಟದ್ದು ಗಿರಣಿ. ನನ್ನ ದೂರು ಗಿರಣಿಯ ಮೇಲಲ್ಲ, ಅದನ್ನು ಹೊಂದಿಸುವ ಅವಸರದ ಮೇಲೆ.

ರೊಟ್ಟಿ ಹಿಟ್ಟಿಗೆ ಒತ್ತಿಟ್ಟ ಕಲ್ಲನ್ನು ಸಡಿಲಿಸಿದ ಕೂಡಲೇ ನುಚ್ಚು ಬರುವುದಿಲ್ಲ. ಒಳಗೆ ಕೂತ ಹಿಟ್ಟು ಮೊದಲು ಹೊರಗೆ ಹೋಗಬೇಕು. ಒಂದು ಹಿಡಿ ಜೋಳ ಹರಿಸಿ, ಅಂಗೈಯಲ್ಲಿ ಹರವಿ ನೋಡಿ, ಹಿಡಿಕೆಯನ್ನು ಮತ್ತೊಮ್ಮೆ ಸರಿಪಡಿಸಬೇಕು. ಸವೆದ ಕಲ್ಲು ಕಾಳನ್ನು ಕತ್ತರಿಸುವುದಿಲ್ಲ, ಉಜ್ಜುತ್ತದೆ. ಅದಕ್ಕೆ ಉಳಿಯ ಏಟು ಬೀಳದೆ ಯಾವ ಹಿಡಿಕೆಯೂ ನೆರವಿಗೆ ಬಾರದು. ಎರಡು ಕಿಲೋ ಜೋಳಕ್ಕಾಗಿ ಇಷ್ಟೆಲ್ಲ ಮಾಡುವವರು ಕಡಿಮೆ.

ಹೆಚ್ಚು ಒಡೆಸಿಟ್ಟುಕೊಳ್ಳಲೂ ಆಗದು. ಶಿಗ್ಗಾವಿ ತಾಲೂಕಿನ ಬಾಡದ ಕನಕದಾಸರು 'ರಾಮಧಾನ್ಯಚರಿತೆ'ಯಲ್ಲಿ ಅಕ್ಕಿ ರಾಗಿಗಳೆರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು, ಕೆಡದೆ ಉಳಿದ ರಾಗಿಯನ್ನು ಗೆಲ್ಲಿಸಿದರು. ಗೆದ್ದದ್ದು ಇಡೀ ಕಾಳು. ಒಡೆದ ಕಾಳಿಗೆ ಆ ತಾಳಿಕೆ ಇಲ್ಲ: ಮೊಳಕೆಯ ಭಾಗದ ಎಣ್ಣೆ ಗಾಳಿಗೆ ತೆರೆದುಕೊಂಡು ಕಮಟಾಗುತ್ತದೆ, ಹುಳು ಬೀಳುತ್ತದೆ. ಅದಕ್ಕೇ ನುಚ್ಚಿನ ಗಿರಾಕಿ ಯಾವಾಗಲೂ ಚಿಕ್ಕ ಚೀಲದ ಗಿರಾಕಿ.

ಮನೆಗಿರಣಿ ಇದಕ್ಕೆ ಪರಿಹಾರ ಎನ್ನುತ್ತಾರೆ. ನಾನು ಒಪ್ಪಲಾರೆ. ಅದರ ಜಾಲರಿ ದೊಡ್ಡ ತುಂಡನ್ನು ತಡೆಯುತ್ತದೆ, ಚಿಕ್ಕದನ್ನಲ್ಲ. ತೂತಿನಿಂದ ಪಾರಾಗುವವರೆಗೆ ಕಾಳಿಗೆ ಏಟು ಬೀಳುತ್ತಲೇ ಇರುವುದರಿಂದ ಹಿಟ್ಟಿನ ಪಾಲು ಹೆಚ್ಚುತ್ತದೆ.

ಬಿಯರ್ ತಯಾರಿಸುವವರಿಗೂ ಇದೇ ತಲೆನೋವು. ವಿದ್ಯುತ್ ಪಾತ್ರೆಯಲ್ಲಿ ಬಿಸಿನೀರನ್ನು ಪಂಪಿನಿಂದ ಮೇಲೆತ್ತಿ, ಒಡೆದ ಬಾರ್ಲಿ ಮಾಲ್ಟಿನ ಮೂಲಕ ಮತ್ತೆ ಮತ್ತೆ ಇಳಿಸುವ ಪದ್ಧತಿಯಿದೆ. ಒಡೆತ ನುಣುಪಾದರೆ ಕಾಳಿನ ಹಾಸು ಕಟ್ಟಿಕೊಂಡು ನೀರು ಇಳಿಯದು. ತೀರಾ ದಪ್ಪವಾದರೆ ಪಿಷ್ಟ ಪೂರ್ತಿ ಸಕ್ಕರೆಯಾಗದು. ಅಲ್ಲಿ ಸಿಪ್ಪೆ ಮುರಿಯದೆ ಉಳಿಯಬೇಕು, ಸೋಸುವುದು ಅದೇ. ನಮ್ಮ ನುಚ್ಚಿನಲ್ಲಿ ಹೊಟ್ಟು ಮೊದಲೇ ಹೋಗಬೇಕು. ಆದರೂ ಅವರು ಮಾಲ್ಟ್ ಸುರಿಯುವ ಮೊದಲು ರೋಲರ್‌ಗಳ ನಡುವಿನ ಸಂದನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಆ ಶ್ರದ್ಧೆ ನಮ್ಮ ನುಚ್ಚಿಗೂ ಸಲ್ಲಬೇಕು.

ಹಿಡಿಕೆಯ ಮೇಲೆ ಬಣ್ಣದ ಒಂದು ಗೆರೆ, ವಾರದಲ್ಲಿ ನುಚ್ಚಿಗೆಂದೇ ಒಂದು ಹೊತ್ತು, ಬಾಗಿಲ ಬಳಿ ಎರಡು ಸಾಣಿಗೆ: ಗಿರಣಿಯಿಂದ ನಾನು ಕೇಳುವುದು ಇಷ್ಟೇ. ಅಷ್ಟಾದರೆ ಚಿಕ್ಕ ಚೀಲಗಳೆಲ್ಲ ಒಂದೇ ಹೊತ್ತಿಗೆ ಸೇರುತ್ತವೆ, ಕಲ್ಲು ಒಮ್ಮೆ ಸಡಿಲಿಸಿದರೆ ಸಾಕಾಗುತ್ತದೆ. ಅಲ್ಲಿಯವರೆಗೆ ನಾನು ಮನೆಯಲ್ಲೇ ಸೋಸುತ್ತೇನೆ. ಕೆಳಗೆ ಬಿದ್ದ ಹಿಟ್ಟು ಅಂಬಲಿಗೆ, ಮೇಲುಳಿದ ಇಡೀ ಕಾಳು ಮತ್ತೆ ಚೀಲಕ್ಕೆ, ನಡುವಿನದು ಒಲೆಯ ಮೇಲಿನ ಎಸರಿಗೆ.