165, ಮತ್ತು ಉಳಿದ ಹತ್ತು ಮಂದಿ

ಸ್ಕೋರ್‌ಕಾರ್ಡನ್ನು ನಿಧಾನವಾಗಿ ಚಪ್ಪರಿಸುತ್ತ ಓದುವವರು ಈಗ ಕಡಿಮೆ. ನನಗೆ ಹೆಚ್ಚು ರುಚಿಸಿದ್ದು ಎಲ್ಲಕ್ಕಿಂತ ಹಳೆಯದು: 1877ರ ಮಾರ್ಚ್ 15ರಂದು ಮೆಲ್ಬರ್ನ್‌ನಲ್ಲಿ ಶುರುವಾಗಿ, ಮುಂದೆ ಮೊದಲ ಟೆಸ್ಟ್ ಎಂದು ಹೆಸರಾದ ಪಂದ್ಯದ್ದು. ಆಸ್ಟ್ರೇಲಿಯಾದ ಮೊದಲ ಇನಿಂಗ್ಸ್ ಮೇಲೆ ಕಣ್ಣಾಡಿಸಿ: 1, 12, 1, 15, 5, 0, 17, 18, 3, 0. ಹತ್ತು ಮಂದಿ ಸೇರಿ 72. ಇತರೆ ರನ್ 8. ಈ ಪುಡಿಗಾಸಿನ ನೆತ್ತಿಯ ಮೇಲೆ ಇಡಿಗಂಟೊಂದು ಕೂತಿದೆ: ಚಾರ್ಲ್ಸ್ ಬ್ಯಾನರ್‌ಮನ್, ಗಾಯಗೊಂಡು ನಿವೃತ್ತಿ, 165.

ಹುಟ್ಟಿದ್ದು ಇಂಗ್ಲೆಂಡಿನ ವೂಲಿಚ್‌ನಲ್ಲಿ, ಬೆಳೆದದ್ದು ಸಿಡ್ನಿಯಲ್ಲಿ. ಆಲ್ಫ್ರೆಡ್ ಶಾ ಹಾಕಿದ ಮೊಟ್ಟಮೊದಲ ಎಸೆತವನ್ನು ಎದುರಿಸಿದವನೂ ಅವನೇ, ಎರಡನೆಯದರಲ್ಲಿ ಟೆಸ್ಟ್ ಚರಿತ್ರೆಯ ಮೊದಲ ರನ್ ಕದ್ದವನೂ ಅವನೇ. ಹತ್ತು ರನ್ ಕೂಡ ಆಗುವ ಮೊದಲೇ ಕೊಟ್ಟ ಸುಲಭದ ಕ್ಯಾಚು ಟಾಮ್ ಆರ್ಮಿಟೇಜನ ಹೊಟ್ಟೆಗೆ ಬಡಿದು ಕೆಳಗೆ ಬಿತ್ತಂತೆ. ಎಂಥ ಪುಣ್ಯದ ಹೊಟ್ಟೆ! ಆಮೇಲೆ ಮುಂಗಾಲೂರಿ ಬಾರಿಸಿದ್ದೇ ಬಾರಿಸಿದ್ದು. ಅಂದು ಸಂಜೆಗೆ ತಂಡ 6 ವಿಕೆಟ್‌ಗೆ 166, ಇವನೊಬ್ಬನದೇ 126.

ಮರುದಿನ ಜಾರ್ಜ್ ಯೂಲೆಟ್‌ನ ಚೆಂಡು ಬೆರಳು ಸೀಳಿತು. ಬ್ಯಾನರ್‌ಮನ್ ಹೊರನಡೆದಾಗ ತಂಡದ ಮೊತ್ತ 240. ಎಲ್ಲ ಮುಗಿದದ್ದು 245ಕ್ಕೆ. ಆ ಐದು ರನ್ನುಗಳ ಬಡತನ ನೋಡಿದರೆ 165ರ ತೂಕ ತಿಳಿಯುತ್ತದೆ. ಪೂರ್ಣಗೊಂಡ ಇನಿಂಗ್ಸ್‌ನಲ್ಲಿ ಒಬ್ಬನೇ ಶೇ 67.3ರಷ್ಟು ರನ್ ಹೊತ್ತದ್ದು ಇಂದಿಗೂ ಟೆಸ್ಟ್ ದಾಖಲೆ. ಎರಡನೇ ಇನಿಂಗ್ಸ್‌ನಲ್ಲಿ ನೋವಿನ ಕೈಯಲ್ಲಿ ಗಳಿಸಿದ್ದು 4. ಆದರೂ ಆಸ್ಟ್ರೇಲಿಯಾ 45 ರನ್ನಿಂದ ಗೆದ್ದಿತು.

ಪ್ರಥಮ ದರ್ಜೆಯಲ್ಲಿ ಅವನ ಶತಕ ಇದೊಂದೇ, ಆಡಿದ ಟೆಸ್ಟ್ ಮೂರೇ. ಅದೃಷ್ಟದ ಆಟವೆಂದು ಮೂಗು ಮುರಿಯುವವರಿಗೆ ಇಷ್ಟು ಸಾಕು. ನನಗೆ ಹಾಗನ್ನಿಸದು. ಕೈಬಿಟ್ಟ ಕ್ಯಾಚಿನಿಂದ ಒಂದು ಜೀವ ಸಿಕ್ಕೀತು. ಮಿಕ್ಕ ನೂರೈವತ್ತಕ್ಕೂ ಹೆಚ್ಚು ರನ್ನನ್ನು ಬ್ಯಾಟೇ ದುಡಿಯಬೇಕು. ಮುಂದೆ ಬದುಕು ಜೂಜು, ಕುಡಿತದಲ್ಲಿ ಕುಗ್ಗಿತು. ಹನ್ನೆರಡು ಟೆಸ್ಟ್‌ಗಳಿಗೆ ಅಂಪೈರಾಗಿ ನಿಂತ. 1930ರಲ್ಲಿ ಸಿಡ್ನಿಯಲ್ಲಿ ತೀರಿಕೊಂಡ.

ತಮ್ಮ ಅಲೆಕ್ ಕೂಡ ಟೆಸ್ಟ್ ಆಟಗಾರನೇ, ಆದರೆ ಗೋಡೆ ಕಟ್ಟುವ ಜಾತಿ: 1892ರಲ್ಲಿ ಸಿಡ್ನಿಯಲ್ಲಿ 91 ರನ್ನಿಗೆ ಏಳೂವರೆ ತಾಸು ತೆಗೆದುಕೊಂಡ. ಅಣ್ಣ 165 ಬಾರಿಸಲು ಐದು ತಾಸು ಕೂಡ ಹಿಡಿದಿರಲಿಲ್ಲ.