ಗಂಟೆ ಕಟ್ಟಿದ ಹಲಗೆ

ಇಟಲಿಯ ಫ್ಲಾರೆನ್ಸ್‌ನಲ್ಲಿ, ಆರ್ನೋ ನದಿಯ ದಂಡೆ ಮೇಲೆ, ಮ್ಯೂಸಿಯೊ ಗೆಲಿಲಿಯೊ ಅನ್ನೋ ವಸ್ತುಸಂಗ್ರಹಾಲಯ ಇದೆ. ಅಲ್ಲೊಂದು ಉದ್ದನೆಯ ಇಳಿಜಾರು ಹಲಗೆ. ಅದರುದ್ದಕ್ಕೂ ಪುಟ್ಟ ಪುಟ್ಟ ಗಂಟೆಗಳು, ಜೊತೆಗೊಂದು ಲೋಲಕ. ನೋಡಿದ ತಕ್ಷಣ ಗೆಲಿಲಿಯೊನೇ ಬಳಸಿದ್ದು ಅನ್ನಿಸುತ್ತೆ. ಅಲ್ಲ. ಗೆಲಿಲಿಯೊ ತೀರಿಕೊಂಡಿದ್ದು 1642ರಲ್ಲಿ. ಈ ಹಲಗೆ ಮಾಡಿದ್ದು 19ನೇ ಶತಮಾನದ ಶುರುವಿನಲ್ಲಿ.

1638ರ ತನ್ನ ಪುಸ್ತಕದಲ್ಲಿ ಗೆಲಿಲಿಯೊ ಹೇಳೋ ಪ್ರಯೋಗವೇ ಬೇರೆ. ಸುಮಾರು 12 ಮೊಳ ಉದ್ದದ ಮರದ ತೊಲೆ, ಅದರಲ್ಲಿ ನುಣುಪಾದ ಕಾಲುವೆ, ಉರುಳೋಕೆ ಕಂಚಿನ ಗುಂಡು. ಸಮಯ ಅಳೆಯೋಕೆ ಪಾತ್ರೆಯಿಂದ ಸಣ್ಣಗೆ ಸುರಿಯೋ ನೀರನ್ನ ಹಿಡಿದು ತೂಗುತ್ತಿದ್ದ. ಆ ವಿವರಣೆಯಲ್ಲಿ ಗಂಟೆಗಳ ಸುದ್ದಿಯೇ ಇಲ್ಲ.

ಹಾಗಾದ್ರೆ ಈ ಹಲಗೆ ಬರೀ ನಕಲಾ? ನನಗಂತೂ ಅದರ ಬೆಲೆ ಇರೋದೇ ಅಲ್ಲಿ. ಒಂದು ಉಪಕರಣ ನಿಯಮವನ್ನ ಹುಡುಕೋಕೆ, ಇನ್ನೊಂದು ಅದನ್ನ ನಾಲ್ಕು ಜನಕ್ಕೆ ಮನದಟ್ಟು ಮಾಡೋಕೆ. ಎರಡನೆಯದನ್ನ ಮಾಡಿದವನ ಜಾಣತನ ನೋಡಿ. ಗಂಟೆಗಳ ನಡುವಿನ ಅಂತರ 1, 3, 5, 7 ಹೀಗೆ ಹೆಚ್ಚುತ್ತಾ ಹೋಗುತ್ತೆ. ಅಂದ್ರೆ ಮೊದಲಿಂದ ಲೆಕ್ಕ ಹಾಕಿದ್ರೆ 1, 4, 9, 16. ಕಣ್ಣಿಗೆ ಅಂತರ ಹಿಗ್ಗುತ್ತಾ ಹೋಗೋದು ಕಾಣುತ್ತೆ. ಕಿವಿಗೆ ಮಾತ್ರ ಟಣ್, ಟಣ್, ಟಣ್ ಅಂತ ಒಂದೇ ಸಮನೆ ಕೇಳುತ್ತೆ. ವರ್ಗ ಅಂದ್ರೇನು ಅಂತ ಗೊತ್ತಿಲ್ಲದ ಹುಡುಗನಿಗೂ, ಭಜನೆಯಲ್ಲಿ ತಾಳ ಹಾಕಿ ಅಭ್ಯಾಸ ಇದ್ರೆ, ತಾಳ ತಪ್ಪಿದ್ದು ಗೊತ್ತಾಗುತ್ತೆ. ಅಷ್ಟು ಸಾಕು.

ನಮ್ಮೂರ ಹೈಸ್ಕೂಲಲ್ಲಿ ಇದೇ ನಿಯಮ ನಮಗೆ ಸಿಕ್ಕಿದ್ದು ಬೋರ್ಡಿನ ಮೇಲಿನ ಸೂತ್ರವಾಗಿ. ಉಪಕರಣಗಳಿದ್ದ ಬೀರುವಿಗೆ ಬೀಗ. ಒಡೆದ್ರೆ ಯಾರು ಉತ್ತರ ಕೊಡೋದು ಅನ್ನೋ ಭಯ ಮೇಷ್ಟ್ರಿಗೆ. ಈಗ ಆ ಜಾಗಕ್ಕೆ ಸ್ಕ್ರೀನ್ ಬಂದಿದೆ. ಅನಿಮೇಷನ್ನಿನ ಗುಂಡು ಉರುಳುತ್ತೆ, ಗ್ರಾಫ್ ತಾನಾಗೇ ಮೂಡುತ್ತೆ, ಏನೂ ಒಡೆಯಲ್ಲ. ನನ್ನ ತಕರಾರು ಇರೋದು ಇಲ್ಲೇ.

ಕೋಡ್ ಬರೆದು ಹೊಟ್ಟೆ ಹೊರೆಯೋನು ನಾನು, ಹಾಗಾಗಿ ಹೇಳ್ತೀನಿ: ಸಿಮ್ಯುಲೇಷನ್ನಿನ ಗುಂಡು ಗೆಲಿಲಿಯೊನ ನಿಯಮವನ್ನ ಸಾಬೀತು ಮಾಡಲ್ಲ. ನಾನು ಬರೆದ ಸೂತ್ರವನ್ನೇ ನನಗೆ ತಿರುಗಿಸಿ ಒಪ್ಪಿಸುತ್ತೆ. ವರ್ಗದ ಜಾಗದಲ್ಲಿ ಘನ ಅಂತ ಬರೆದ್ರೂ ಅಷ್ಟೇ ನಯವಾಗಿ ಉರುಳುತ್ತೆ, ಗ್ರಾಫೂ ಅಷ್ಟೇ ಚೆಂದ ಬರುತ್ತೆ. ಮರದ ಹಲಗೆ ಹಾಗೆ ಯಾರ ಮಾತೂ ಕೇಳಲ್ಲ. ಗಂಟೆ ತಪ್ಪು ಜಾಗದಲ್ಲಿದ್ರೆ ಮೇಷ್ಟ್ರ ಮುಖ ನೋಡಿ ಸರಿಯಾಗಿ ಬಾರಿಸಲ್ಲ. ಮೇಷ್ಟ್ರನ್ನೂ ಪುಸ್ತಕವನ್ನೂ ಸುಳ್ಳು ಮಾಡೋ ಅವಕಾಶ ಇಲ್ಲದ ಕಡೆ ಮಗು ಕಲಿಯೋದು ವಿಜ್ಞಾನ ಅಲ್ಲ, ವಿಧೇಯತೆ.

ಗ್ರಹಗಳ ಚಲನೆಯನ್ನೋ ಅಣುಗಳ ಓಡಾಟವನ್ನೋ ತೋರಿಸೋಕೆ ಸ್ಕ್ರೀನ್ ಬೇಕು, ಒಪ್ಪೋಣ. ಅವನ್ನ ತರಗತಿಗೆ ಎತ್ತಿಕೊಂಡು ಬರೋಕಾಗಲ್ಲ. ಉರುಳೋ ಗೋಲಿಗೂ ಸ್ಕ್ರೀನ್ ಯಾಕೆ?

ಪಿವಿಸಿ ಪೈಪನ್ನ ಉದ್ದಕ್ಕೆ ಸೀಳಿ ಇಳಿಜಾರಾಗಿಡಿ. ಗಂಟೆ ಇಲ್ಲದಿದ್ರೆ ಅಳತೆ ಮಾಡಿ ರಬ್ಬರ್ ಬ್ಯಾಂಡ್ ಸುತ್ತಿ. ಗೋಲಿ ಅದನ್ನ ದಾಟುವಾಗ ಟಕ್ ಅನ್ನುತ್ತೆ. ಮೊದಲ ಸಲ ತಾಳ ಕೂಡದೇ ಇರಬಹುದು. ಪೈಪ್ ಬಾಗಿದೆಯಾ, ಬ್ಯಾಂಡೇ ಗೋಲಿಯನ್ನ ತಡೀತಿದೆಯಾ, ಬಿಡುವಾಗ ಕೈ ತಳ್ಳಿತಾ? ಮಕ್ಕಳು ಜಗಳ ಶುರು ಮಾಡ್ತಾರೆ. ಪಾಠ ಶುರುವಾಗೋದೂ ಅಲ್ಲಿಂದಲೇ.