ಶೃಂಗಾರಕ್ಕೆ ಪಾವತಿಯ ತಡೆ

ಬೆಂಗಳೂರು ನಾಗರತ್ನಮ್ಮ 1910ರಲ್ಲಿ ಮುದ್ದುಪಳನಿಯ ತೆಲುಗು ಕಾವ್ಯ ‘ರಾಧಿಕಾ ಸಾಂತ್ವನಮು’ವನ್ನು ಇಡಿಯಾಗಿ ಅಚ್ಚು ಹಾಕಿಸಿದರು. ಬ್ರಿಟಿಷ್ ಸರ್ಕಾರ ಅಶ್ಲೀಲವೆಂದು ನಿಷೇಧಿಸಿತು, ತೆರವಾದದ್ದು 1947ರಲ್ಲಿ. ಅನ್ಯಾಯವೇ. ಆದರೂ ಜಗಳಕ್ಕೆ ಎದುರಾಳಿ ಯಾರೆಂದು ಗೊತ್ತಿತ್ತು.

2012ರಲ್ಲಿ ಪೇಪಾಲ್, ಕೆಲವು ಬಗೆಯ ಕಾಮಕಥೆಗಳನ್ನು ತೆಗೆಯದಿದ್ದರೆ ಪಾವತಿ ನಿಲ್ಲಿಸುವುದಾಗಿ ಇ-ಪುಸ್ತಕ ಮಾರುವ ಸ್ಮ್ಯಾಶ್‌ವರ್ಡ್ಸ್‌ಗೆ ಹೇಳಿತು. ಲೇಖಕರು ಗದ್ದಲವೆಬ್ಬಿಸಿದ ಮೇಲೆ ಸಡಿಲಿಸಿತು. 2025ರ ಜುಲೈನಲ್ಲಿ ಇಚ್.ಐಒ, ಪಾವತಿ ಕಂಪನಿಗಳ ಒತ್ತಡಕ್ಕೆ ಮಣಿದು ವಯಸ್ಕರ ಕೃತಿಗಳನ್ನೆಲ್ಲ ಹುಡುಕಾಟದಿಂದ ಮರೆಮಾಡಿತು. ಒಂದೊಂದನ್ನೂ ತೆರೆದು ನೋಡುವ ಮೊದಲೇ! ಅದರಲ್ಲಿ ಕಸವೇ ಹೆಚ್ಚಿರಬಹುದು, ಆದರೆ ಅದನ್ನು ಹೇಳಬೇಕಾದವನು ಓದುಗ, ವಿಮರ್ಶಕ.

ಸೂಪಾದಿಂದ ನೀರು ಬಿಡದಿದ್ದರೆ ನಮ್ಮ ಗಣೇಶಗುಡಿಯಲ್ಲಿ ಕಾಳಿ ಹೊಳೆ ಇಳಿದದ್ದು ಕಣ್ಣಿಗೆ ಕಾಣುತ್ತದೆ. ಪುಸ್ತಕ ಹಾಗಲ್ಲ, ಹಣದ ದಾರಿ ಮುಚ್ಚಿದರೆ ಅದು ಇತ್ತೆಂಬುದೇ ತಿಳಿಯದು. ಮುದ್ದುಪಳನಿಯ ಕಾವ್ಯ ಇಂದು ಇ-ಪುಸ್ತಕವಾಗಿ ಬಂದರೆ ಯಾವ ವಿಭಾಗಕ್ಕೆ ತಳ್ಳುತ್ತಾರೋ, ನನಗಂತೂ ಅನುಮಾನ.